ಕೆಂಗಲ್ ಹನುಮಂತಯ್ಯ

ಕೆಂಗಲ್ ಹನುಮಂತಯ್ಯ (1908–1980) ಮೈಸೂರು ರಾಜ್ಯದ ಎರಡನೆಯ ಮುಖ್ಯಮಂತ್ರಿ, ಸ್ವಾತಂತ್ರ್ಯ ಹೋರಾಟಗಾರ, ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯ ಹಾಗೂ ಕೇಂದ್ರ ಸಚಿವ. ಬೆಂಗಳೂರಿನ ವಿಧಾನಸೌಧದ ನಿರ್ಮಾತೃವೆಂದು ಅವರು ಹೆಚ್ಚು ಪ್ರಸಿದ್ಧರು. ಕಾನೂನು ಪದವೀಧರರಾಗಿದ್ದ ಅವರ ಸಾರ್ವಜನಿಕ ಜೀವನದ ಹೆಚ್ಚಿನ ಭಾಗ ಕಾನೂನು ರಚನೆ, ಸಂವಿಧಾನ ಮತ್ತು ಆಡಳಿತ ಸುಧಾರಣೆಗಳ ಸುತ್ತಲೇ ಸಾಗಿತು.

ಜನನ ಮತ್ತು ಹೆಸರು

ಹನುಮಂತಯ್ಯನವರು 1908ರ ಫೆಬ್ರವರಿಯಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲಿಗ ಕುಟುಂಬವೊಂದರಲ್ಲಿ ಜನಿಸಿದರು. ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಬದಿಯಲ್ಲಿರುವ ಕೆಂಗಲ್ ಎಂಬ ಸ್ಥಳವು ಆಂಜನೇಯಸ್ವಾಮಿ ದೇವಾಲಯಕ್ಕೆ ಹೆಸರಾಗಿದೆ. ಈ ಸ್ಥಳದ ಹೆಸರೇ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ.

ವಿದ್ಯಾಭ್ಯಾಸ

ಹನುಮಂತಯ್ಯನವರು ಪದವಿ ಶಿಕ್ಷಣಕ್ಕಾಗಿ ಮೈಸೂರಿನ ಮಹಾರಾಜಾ ಕಾಲೇಜನ್ನು ಸೇರಿ 1930ರಲ್ಲಿ ಕಲಾ ಪದವಿ ಪಡೆದರು. ಆಗ ಹುಣಸೂರು, ಪಿರಿಯಾಪಟ್ಟಣ, ರಾವಂದೂರು ಮೊದಲಾದ ಊರುಗಳಿಂದ ಕಲಾ ವಿಷಯಗಳಲ್ಲಿ ಪದವಿ ಓದಬಯಸುವವರಿಗೆ ಹತ್ತಿರವಿದ್ದುದು ಇದೇ ಕಾಲೇಜು. ವಿದ್ಯಾರ್ಥಿಯಾಗಿದ್ದಾಗ ಅವರು ಕಾಲೇಜಿನ ಸಂಘಗಳ ಚಟುವಟಿಕೆಗಳಲ್ಲಿ ಮುಂದಾಗಿ ಭಾಗವಹಿಸುತ್ತಿದ್ದರು.

ಕಲಾ ಪದವಿಯ ನಂತರ ಕಾನೂನು ಓದಲು ಅವರು ಸಂಸ್ಥಾನದ ಹೊರಗೆ ಹೋಗಬೇಕಾಯಿತು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೇ ಸ್ಥಾಪನೆಯಾಗಿದ್ದರೂ ಸಂಸ್ಥಾನದೊಳಗೆ ಕಾನೂನು ಕಾಲೇಜು ಇರಲಿಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಆರಂಭವಾದುದು 1948ರಲ್ಲಿ. ಅದುವರೆಗೆ ವಕೀಲರಾಗಬಯಸುವ ಮೈಸೂರಿನ ತರುಣರು ಮದರಾಸು, ಮುಂಬಯಿ ಅಥವಾ ಪುಣೆಗೆ ತೆರಳುತ್ತಿದ್ದರು. ದೂರದ ಊರಿನ ವಾಸ ಮತ್ತು ಶುಲ್ಕಗಳ ಖರ್ಚನ್ನು ಹೊರಬಲ್ಲ ಕುಟುಂಬಗಳು ಹಳ್ಳಿಗಾಡಿನಲ್ಲಿ ವಿರಳವಾಗಿದ್ದುದರಿಂದ ರೈತ ಕುಟುಂಬಗಳಿಂದ ಬಂದ ಕಾನೂನು ಪದವೀಧರರ ಸಂಖ್ಯೆ ಅಲ್ಪವಾಗಿತ್ತು.

ಪುಣೆಯಲ್ಲಿ ಇಂಡಿಯನ್ ಲಾ ಸೊಸೈಟಿಯು 1924ರಲ್ಲಿ ಕಾನೂನು ಕಾಲೇಜನ್ನು ತೆರೆದಿತ್ತು. ಮುಂದೆ ಮೈಸೂರಿನ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರೂ 1926ರಲ್ಲಿ ಪುಣೆಯಲ್ಲಿಯೇ ಕಾನೂನು ಪದವಿ ಪಡೆದವರು. ಹನುಮಂತಯ್ಯನವರು 1932ರಲ್ಲಿ ಪುಣೆಯಿಂದ ಕಾನೂನು ಪದವೀಧರರಾಗಿ ಹಿಂದಿರುಗಿದರು. ಆ ಕಾಲದಲ್ಲಿ ಕಾನೂನು ಓದಲು ಮೊದಲು ಬೇರೊಂದು ಪದವಿ ಪಡೆದಿರಬೇಕಾಗಿತ್ತು. ಈಗಿನಂತೆ ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷಗಳ ಕಾನೂನು ವ್ಯಾಸಂಗಕ್ಕೆ ಸೇರುವ ಅವಕಾಶ ಇರಲಿಲ್ಲ. 1860ರ ಭಾರತೀಯ ದಂಡ ಸಂಹಿತೆ, 1872ರ ಕರಾರು ಕಾಯ್ದೆ ಮತ್ತು ಸಾಕ್ಷ್ಯ ಕಾಯ್ದೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಹಿಂದೂ ಕಾನೂನು ಇವು ಆಗಿನ ಕಾನೂನು ಶಿಕ್ಷಣದ ಮುಖ್ಯ ವಿಷಯಗಳಾಗಿದ್ದವು. ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದು, ಆಂಗ್ಲ ನ್ಯಾಯಪದ್ಧತಿಯೇ ಅವುಗಳಿಗೆ ಆಧಾರವಾಗಿತ್ತು.

ವಕೀಲಿ ವೃತ್ತಿ ಮತ್ತು ಸ್ವಾತಂತ್ರ್ಯ ಹೋರಾಟ

ಪದವಿಯ ನಂತರ ಹನುಮಂತಯ್ಯನವರು ಬೆಂಗಳೂರಿನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಆದರೆ ಗಾಂಧೀಜಿಯವರ ನಾಯಕತ್ವದ ಚಳವಳಿ ಅವರನ್ನು ಬೇಗನೆ ಸೆಳೆಯಿತು. ನೆಲೆಗೊಳ್ಳುತ್ತಿದ್ದ ವೃತ್ತಿಯನ್ನು ಬಿಟ್ಟು ಅವರು ಕಾಂಗ್ರೆಸ್ಸಿನ ಪೂರ್ಣಾವಧಿ ಕಾರ್ಯಕರ್ತರಾದರು. ಚಳವಳಿಯ ಅವಧಿಯಲ್ಲಿ ಹಲವು ಬಾರಿ ಸೆರೆವಾಸ ಅನುಭವಿಸಿದರು. ನ್ಯಾಯಾಲಯದಲ್ಲಿ ಇತರರ ಪರವಾಗಿ ವಾದಿಸುವ ಅರ್ಹತೆ ಪಡೆದವರು ಸರ್ಕಾರದ ಕಾನೂನನ್ನು ಮುರಿದ ಆರೋಪದ ಮೇಲೆ ಸೆರೆಮನೆಗೆ ಹೋಗುವುದು ಆ ತಲೆಮಾರಿನ ಅನೇಕ ವಕೀಲರ ಅನುಭವವಾಗಿತ್ತು.

1940ರ ದಶಕದಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿ ಕಾಂಗ್ರೆಸ್ ಪಕ್ಷದ ಮುಖಂಡರಲ್ಲೊಬ್ಬರೆನಿಸಿದರು. ಮಹಾರಾಜರ ಆಳ್ವಿಕೆಯಲ್ಲಿ ಆ ಸಭೆಯ ಅಧಿಕಾರ ಸೀಮಿತವಾಗಿತ್ತು. ಜನರಿಗೆ ಹೊಣೆಯಾದ ಸರ್ಕಾರ ಬೇಕೆಂಬ ಬೇಡಿಕೆ 1947ರ ಮೈಸೂರು ಚಲೋ ಚಳವಳಿಯಾಗಿ ಬೆಳೆದು, ಆ ವರ್ಷದ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು.

ಸಂವಿಧಾನ ರಚನಾ ಸಭೆಯಲ್ಲಿ

ಭಾರತದ ಸಂವಿಧಾನ ರಚನಾ ಸಭೆಗೆ ಮೈಸೂರಿನಿಂದ ಹೋದ ಪ್ರತಿನಿಧಿಗಳಲ್ಲಿ ಹನುಮಂತಯ್ಯನವರೂ ಒಬ್ಬರು. ಕೆ. ಚೆಂಗಲರಾಯ ರೆಡ್ಡಿ, ಟಿ. ಸಿದ್ದಲಿಂಗಯ್ಯ, ಎಚ್. ಸಿದ್ಧವೀರಪ್ಪ, ಎಸ್.ವಿ. ಕೃಷ್ಣಮೂರ್ತಿರಾವ್ ಮೊದಲಾದವರು ಅವರ ಜೊತೆಗಿದ್ದರು. ಇದೇ ಅವಧಿಯಲ್ಲಿ ಮೈಸೂರಿಗೂ ಪ್ರತ್ಯೇಕ ಸಂವಿಧಾನ ಸಭೆ ಇತ್ತು. ಸಂಸ್ಥಾನಕ್ಕೆ ಬೇರೆ ಸಂವಿಧಾನ ರಚಿಸುವ ಬದಲು ಭಾರತದ ಸಂವಿಧಾನವನ್ನೇ ಒಪ್ಪಿಕೊಳ್ಳಬೇಕೆಂದು ಆ ಸಭೆ ಸಲಹೆ ನೀಡಿತು. 1949ರ ನವೆಂಬರ್ 25ರಂದು ಜಯಚಾಮರಾಜೇಂದ್ರ ಒಡೆಯರು ಘೋಷಣೆಯ ಮೂಲಕ ಅದನ್ನು ಅಂಗೀಕರಿಸಿದರು.

ಅದೇ ತಿಂಗಳು ದೆಹಲಿಯಲ್ಲಿ ಸಂವಿಧಾನದ ಅಂತಿಮ ವಾಚನದ ಸಂದರ್ಭದಲ್ಲಿ ಹನುಮಂತಯ್ಯನವರು ಮಾಡಿದ ವಿಮರ್ಶೆ ಇಂದಿಗೂ ಚರ್ಚೆಯಲ್ಲಿದೆ. ಸಂವಿಧಾನವನ್ನು ಅವರು ಸಂಗೀತಕ್ಕೆ ಹೋಲಿಸಿ, ದೇಶ ಬಯಸಿದ್ದು ವೀಣೆ ಸಿತಾರುಗಳ ನಾದವನ್ನು, ದೊರೆತದ್ದು ಇಂಗ್ಲಿಷ್ ಬ್ಯಾಂಡಿನ ಧ್ವನಿ ಎಂಬ ಅಭಿಪ್ರಾಯ ಸೂಚಿಸಿದರು. ಸಂವಿಧಾನದ ನಿರ್ಮಾತೃಗಳು ಪಡೆದ ಶಿಕ್ಷಣವೇ ಇದಕ್ಕೆ ಕಾರಣವೆಂದು ಅವರು ಭಾವಿಸಿದ್ದರು. ಗ್ರಾಮವನ್ನು ತಳಹದಿಯಾಗಿಟ್ಟುಕೊಂಡ ಗಾಂಧೀಜಿಯವರ ಕಲ್ಪನೆಗೆ ವಿರುದ್ಧವಾಗಿ ಅಧಿಕಾರ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂಬುದು ಅವರ ಆಕ್ಷೇಪ. ಅದೇ ಬಗೆಯ ಶಿಕ್ಷಣವನ್ನು ಪುಣೆಯಲ್ಲಿ ಪಡೆದಿದ್ದ ಒಬ್ಬ ಕಾನೂನು ಪದವೀಧರರಿಂದಲೇ ಈ ಮಾತು ಬಂದಿತೆಂಬುದು ಗಮನಾರ್ಹ. ಆಕ್ಷೇಪಗಳಿದ್ದರೂ ಅವರು ಸಂವಿಧಾನವನ್ನು ತಿರಸ್ಕರಿಸಲಿಲ್ಲ. ಅದರ ಚೌಕಟ್ಟಿನೊಳಗೇ ಮುಂದಿನ ಮೂರು ದಶಕ ಕೆಲಸ ಮಾಡಿದರು.

ಮುಖ್ಯಮಂತ್ರಿಯಾಗಿ

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74 ಸ್ಥಾನಗಳನ್ನು ಗಳಿಸಿತು. ರಾಮನಗರದಿಂದ ಆಯ್ಕೆಯಾದ ಹನುಮಂತಯ್ಯನವರು 1952ರ ಮಾರ್ಚ್ 30ರಂದು ಮುಖ್ಯಮಂತ್ರಿಯಾದರು. ಮುಂದೆ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸರು ಇದೇ ವಿಧಾನಸಭೆಯಲ್ಲಿ ಹುಣಸೂರಿನ ಪ್ರತಿನಿಧಿಯಾಗಿದ್ದರು.

ಈ ಅವಧಿಯ ಕಾನೂನುಗಳು ಹಳ್ಳಿಯ ಜೀವನವನ್ನು ನೇರವಾಗಿ ಮುಟ್ಟಿದವು. 1952ರ ಮೈಸೂರು ಗೇಣಿ ಕಾಯ್ದೆ ಗೇಣಿದಾರರ ರಕ್ಷಣೆಗೆ ಸಂಬಂಧಿಸಿತ್ತು. ಅದೇ ವರ್ಷದ ಗ್ರಾಮ ಪಂಚಾಯತಿ ಮತ್ತು ಜಿಲ್ಲಾ ಬೋರ್ಡುಗಳ ಕಾಯ್ದೆ ಸ್ಥಳೀಯ ಆಡಳಿತಕ್ಕೆ ಹೊಸ ರೂಪ ಕೊಟ್ಟಿತು. 1954ರ ಇನಾಂ ರದ್ದತಿ ಕಾಯ್ದೆಯಿಂದ ವೈಯಕ್ತಿಕ ಇನಾಮುಗಳು ಸರ್ಕಾರಕ್ಕೆ ಸೇರಿ, ಇನಾಂದಾರರ ಜಮೀನನ್ನು ತಲೆತಲಾಂತರದಿಂದ ಉಳುತ್ತಿದ್ದ ಗೇಣಿದಾರರಿಗೆ ತಮ್ಮ ಹೆಸರಿನಲ್ಲಿ ಜಮೀನನ್ನು ನೋಂದಾಯಿಸಿಕೊಳ್ಳುವ ದಾರಿ ತೆರೆಯಿತು.

ವಿಧಾನಸೌಧ

ವಿಧಾನಸೌಧಕ್ಕೆ 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದ್ದರು. ಹನುಮಂತಯ್ಯನವರು ಅಧಿಕಾರಕ್ಕೆ ಬಂದ ಮೇಲೆ ಮೂಲ ನಕ್ಷೆಯನ್ನು ಬದಲಿಸಿ, ದ್ರಾವಿಡ ಶೈಲಿಯ ಭವ್ಯ ಕಟ್ಟಡವಾಗಿ ರೂಪಿಸಿದರು. ಬಿ.ಆರ್. ಮಾಣಿಕ್ಯಂ ಇದರ ಮುಖ್ಯ ವಾಸ್ತುಶಿಲ್ಪಿ. ಕಟ್ಟಡ ಕಾರ್ಯದಲ್ಲಿ ಶಿಲ್ಪಿಗಳು ಮತ್ತು ಕೂಲಿಕಾರರ ಜೊತೆಗೆ ಸೆರೆಮನೆಯ ಕೈದಿಗಳೂ ದುಡಿದರು. 1956ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಎದುರಿಗೆ ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿ ಇದೆ. ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ಸಾರುವ ಬರಹವನ್ನು ಸೌಧದ ಮುಂಭಾಗದಲ್ಲಿ ಕಾಣಬಹುದು. ಬಡ ರಾಜ್ಯಕ್ಕೆ ಇಷ್ಟು ದೊಡ್ಡ ಕಟ್ಟಡ ಬೇಕೆ ಎಂಬ ಟೀಕೆ ಅಂದು ತೀವ್ರವಾಗಿತ್ತು. ಅದರ ವೆಚ್ಚದ ಬಗ್ಗೆ ವಿಚಾರಣೆಯೂ ನಡೆಯಿತು.

ಏಕೀಕರಣ ಮತ್ತು ರಾಜೀನಾಮೆ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಎಲ್ಲ ಕನ್ನಡ ಪ್ರದೇಶಗಳು ಒಂದಾಗಬೇಕೆಂಬ ಬೇಡಿಕೆಗೆ ಹಳೆಯ ಮೈಸೂರಿನಲ್ಲಿಯೇ ವಿರೋಧವಿತ್ತು. ವಿಶಾಲ ರಾಜ್ಯದಲ್ಲಿ ತಮ್ಮ ಪ್ರಾಬಲ್ಯ ಕುಗ್ಗುವುದೆಂಬ ಭಯ ಇಲ್ಲಿನ ಹಲವು ಮುಖಂಡರಿಗಿತ್ತು. ಹನುಮಂತಯ್ಯನವರ ಸಮುದಾಯದವರೂ ಅವರಲ್ಲಿದ್ದರು. ಈ ವಿರೋಧವನ್ನು ಎದುರಿಸಿ ಅವರು ಏಕೀಕರಣದ ಪರವಾಗಿ ನಿಂತರು. ಫಜಲ್ ಅಲಿ ಆಯೋಗವು 1955ರಲ್ಲಿ ಕನ್ನಡ ಪ್ರದೇಶಗಳ ಒಂದು ರಾಜ್ಯವನ್ನು ಶಿಫಾರಸು ಮಾಡಿತು.

ಪಕ್ಷದೊಳಗಿನ ಭಿನ್ನಮತದಿಂದಾಗಿ 1956ರ ಆಗಸ್ಟ್ 19ರಂದು ಅವರ ಅಧಿಕಾರಾವಧಿ ಕೊನೆಗೊಂಡಿತು. ಕಡಿದಾಳ್ ಮಂಜಪ್ಪನವರು ಉತ್ತರಾಧಿಕಾರಿಯಾದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪನವರು. ಏಕೀಕರಣಕ್ಕಾಗಿ ಶ್ರಮಿಸಿದ ಹನುಮಂತಯ್ಯನವರಿಗೆ ಆ ರಾಜ್ಯವನ್ನು ಮುನ್ನಡೆಸುವ ಅವಕಾಶ ಸಿಗಲಿಲ್ಲ.

ಕೇಂದ್ರ ರಾಜಕಾರಣ

1962ರಿಂದ ಅವರು ಸತತವಾಗಿ ಮೂರು ಬಾರಿ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. 1966ರಲ್ಲಿ ರಚನೆಯಾದ ಆಡಳಿತ ಸುಧಾರಣಾ ಆಯೋಗಕ್ಕೆ ಮೊದಲು ಮೊರಾರ್ಜಿ ದೇಸಾಯಿ ಅಧ್ಯಕ್ಷರಾಗಿದ್ದರು. 1967ರಲ್ಲಿ ದೇಸಾಯಿಯವರು ಉಪಪ್ರಧಾನಿಯಾದಾಗ ಹನುಮಂತಯ್ಯನವರು ಆ ಸ್ಥಾನಕ್ಕೆ ಬಂದರು. ಆಯೋಗ ಒಟ್ಟು 20 ವರದಿಗಳನ್ನು ಸಲ್ಲಿಸಿತು. ಲೋಕಪಾಲ ಮತ್ತು ಲೋಕಾಯುಕ್ತ ಸಂಸ್ಥೆಗಳ ಶಿಫಾರಸು ಇದೇ ಆಯೋಗದಿಂದ ಬಂದದ್ದು.

1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಅವರು ಇಂದಿರಾ ಗಾಂಧಿಯವರ ಪಕ್ಷದಲ್ಲಿ ಉಳಿದರು; ನಿಜಲಿಂಗಪ್ಪನವರು ಎದುರು ಬಣದ ಅಧ್ಯಕ್ಷರಾಗಿದ್ದರು. 1970ರ ಜೂನ್‌ನಲ್ಲಿ ಹನುಮಂತಯ್ಯನವರು ಕೇಂದ್ರ ಕಾನೂನು ಸಚಿವರಾದರು. ಮಾಜಿ ರಾಜರ ರಾಜಧನವನ್ನು ರದ್ದುಗೊಳಿಸುವ ಸಂವಿಧಾನ ತಿದ್ದುಪಡಿ ಮಸೂದೆ ಆ ವರ್ಷದ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ನಂತರ ರಾಷ್ಟ್ರಪತಿಗಳ ಆದೇಶದ ಮೂಲಕ ರಾಜರ ಮಾನ್ಯತೆಯನ್ನು ಹಿಂತೆಗೆದುಕೊಳ್ಳಲಾಯಿತು. 1970ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ರಾಜಧನ ಕೊನೆಗೊಂಡದ್ದು 1971ರ 26ನೆಯ ತಿದ್ದುಪಡಿಯಿಂದ. ಸಂವಿಧಾನ ಕೊಟ್ಟ ಮಾತನ್ನು ಸರ್ಕಾರದ ಆದೇಶವೊಂದು ಮುರಿಯಲಾಗದು, ಅದಕ್ಕೆ ತಿದ್ದುಪಡಿಯೇ ಬೇಕು ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಯಿತು.

1971ರ ಮಾರ್ಚ್‌ನಿಂದ 1972ರ ಜುಲೈವರೆಗೆ ಅವರು ರೈಲ್ವೆ ಸಚಿವರಾಗಿದ್ದರು.

ಕೊನೆಯ ವರ್ಷಗಳು

1977ರ ಲೋಕಸಭಾ ಚುನಾವಣೆಯಲ್ಲಿ ಅವರು ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಜನತಾ ಪಕ್ಷದ ಕೆ.ಎಸ್. ಹೆಗ್ಡೆಯವರಿಗೆ ಸೋತರು. ಹೆಗ್ಡೆಯವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದವರು. 1973ರಲ್ಲಿ ಮುಖ್ಯ ನ್ಯಾಯಮೂರ್ತಿಯ ನೇಮಕದಲ್ಲಿ ಹಿರಿಯರನ್ನು ಕಡೆಗಣಿಸಿದಾಗ ಅವರು ರಾಜೀನಾಮೆ ನೀಡಿದ್ದರು. ಮುಂದೆ ಲೋಕಸಭೆಯ ಸಭಾಧ್ಯಕ್ಷರಾದರು. ತುರ್ತುಪರಿಸ್ಥಿತಿಯ ನಂತರದ ಈ ಚುನಾವಣೆಯಲ್ಲಿ ನ್ಯಾಯಾಂಗದ ಸ್ವಾತಂತ್ರ್ಯವೂ ಒಂದು ಚರ್ಚಾವಿಷಯವಾಗಿತ್ತು.

ಹನುಮಂತಯ್ಯನವರು 1980ರ ಡಿಸೆಂಬರ್ 1ರಂದು ನಿಧನರಾದರು.

ಸ್ಮರಣೆ

ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆಯಿದೆ. ಸೌಧದ ಒಂದು ಪ್ರವೇಶದ್ವಾರ ಕೆಂಗಲ್ ದ್ವಾರವೆಂದೇ ರೂಢಿಯಲ್ಲಿದೆ. ಬೆಂಗಳೂರಿನ ಡಬಲ್ ರೋಡಿಗೆ ಕೆ.ಎಚ್. ರಸ್ತೆ ಎಂದು ಅವರ ಹೆಸರಿಡಲಾಗಿದೆ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಅವರ ಹೆಸರಿನ ಕಾನೂನು ಕಾಲೇಜು ಇದೆ.