ಫ್ರಾನ್ಸಿನಲ್ಲಿ ಸ್ವಾಮಿ ವಿವೇಕಾನಂದರು

ಪರದೇಶಕ್ಕೆ ಹೋದವನು ಅಲ್ಲಿಯ ಜನರೊಡನೆ ಎಷ್ಟರಮಟ್ಟಿಗೆ ಬೆರೆಯಬೇಕೆಂಬ ಪ್ರಶ್ನೆಯು ಈಗ ಪಟ್ಟಣಿಗರದು ಮಾತ್ರವಾಗಿ ಉಳಿದಿಲ್ಲ. ಖಾನಾಪುರ ತಾಲೂಕಿನ ಪಾರಿಶ್ವಾಡದಂಥ ಊರಿನ ತರುಣನು ಸಹ ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಸಮುದ್ರ ದಾಟಲು ಹವಣಿಸುವ ಕಾಲವಿದು. ಹೀಗೆ ಹೋದವರಲ್ಲಿ ಕೆಲವರು ತಮ್ಮವರದೇ ಗುಂಪು ಕಟ್ಟಿಕೊಂಡು, ಇಂಗ್ಲೀಷಿನ ಆಸರೆಯಿಂದ ದಿನ ನೂಕಿ, ಆ ದೇಶದ ಒಂದು ಮನೆಯ ಹೊಸ್ತಿಲನ್ನೂ ತುಳಿಯದೆ ಮರಳುವರು. ಮತ್ತೆ ಕೆಲವರು ಆರು ತಿಂಗಳಲ್ಲಿಯೇ ಪೂರ್ಣ ಪರಕೀಯರಾಗಿ, ಹೆತ್ತ ತಾಯಿಯೊಡನೆ ಕನ್ನಡವಾಡಲು ನಾಚುವರು. ಮೊದಲಿನವರನ್ನು ಸ್ವಾಭಿಮಾನಿಗಳೆಂದೂ ಎರಡನೆಯವರನ್ನು ಸುಧಾರಿಸಿದವರೆಂದೂ ಕರೆಯುವ ರೂಢಿ ಬಿದ್ದಿದೆ. ಎರಡು ಹೆಸರುಗಳೂ ಸಲ್ಲವೆಂದು ನಮ್ಮ ಮತ. ಈ ಮತಕ್ಕೆ ಆಧಾರವಾಗಿ, ಸನ್ ೧೯೦೦ ರಲ್ಲಿ ಸುಮಾರು ಮೂರು ತಿಂಗಳನ್ನು ಫ್ರಾನ್ಸಿನಲ್ಲಿ ಕಳೆದ ಒಬ್ಬ ಸಂನ್ಯಾಸಿಯ ಚರಿತ್ರೆಯ ಒಂದು ಭಾಗವನ್ನು ವಾಚಕರ ಮುಂದಿಡುತ್ತೇವೆ.

ಸ್ವಾಮಿ ವಿವೇಕಾನಂದರು ನಮ್ಮ ಬೆಳಗಾವಿಗೆ ಹೊಸಬರಲ್ಲ. ೧೮೬೩ ನೆಯ ಜನವರಿ ೧೨ ರಂದು ಕಲಕತ್ತೆಯಲ್ಲಿ ಜನಿಸಿದ ನರೇಂದ್ರನಾಥ ದತ್ತರು, ಗುರುಗಳಾದ ಶ್ರೀ ರಾಮಕೃಷ್ಣ ಪರಮಹಂಸರು ೧೮೮೬ ರಲ್ಲಿ ದೇಹವಿಟ್ಟ ತರುವಾಯ ಪರಿವ್ರಾಜಕರಾಗಿ ದೇಶವನ್ನು ಸುತ್ತುತ್ತ, ೧೮೯೨ ನೆಯ ಅಕ್ಟೋಬರದಲ್ಲಿ ಕೊಲ್ಹಾಪುರದಿಂದ ಬೆಳಗಾವಿಗೆ ಬಂದರು. ಮೊದಲು ರಿಸಾಲದಾರ ಗಲ್ಲಿಯ ವಕೀಲ ಭಾಟೆಯವರ ಮನೆಯಲ್ಲಿಯೂ, ಆಮೇಲೆ ಅರಣ್ಯ ಖಾತೆಯ ಅಧಿಕಾರಿಗಳಾಗಿದ್ದ ಹರಿಪದ ಮಿತ್ರರ ಬಂಗಲೆಯಲ್ಲಿಯೂ ಇಳಿದರು. ಊಟವಾದ ಮೇಲೆ ಎಲೆ ಅಡಿಕೆ ಕೇಳುವ ಸಂನ್ಯಾಸಿಯನ್ನು ಭಾಟೆಯವರ ಮನೆಯವರು ಹಿಂದೆ ಕಂಡಿರಲಿಲ್ಲ. ಆಹಾರದ ನಿಯಮವೇನೆಂದು ಕೇಳಿದ್ದಕ್ಕೆ, ಪರಮಹಂಸ ಪಂಥದವನು ನೀಡಿದ್ದನ್ನು ಉಣ್ಣತಕ್ಕವನೆಂದು ಸ್ವಾಮಿಗಳು ತಿಳಿಸಿದರು. ಆ ಮನೆಯ ಹುಡುಗನು ಪಾಣಿನಿಯ ಅಷ್ಟಾಧ್ಯಾಯಿಯನ್ನು ಬಾಯಿಪಾಠ ಮಾಡುತ್ತಿದ್ದನು. ಅವನ ತಪ್ಪುಗಳನ್ನು ಸ್ವಾಮಿಗಳು ಪುಸ್ತಕವಿಲ್ಲದೆಯೇ ತಿದ್ದಿದರಂತೆ. ಆ ತಿಂಗಳ ಕೊನೆಗೆ ಮಿತ್ರರು ಕೊಂಡುಕೊಟ್ಟ ಟಿಕೀಟಿನ ಮೇಲೆ ಖಾನಾಪುರ, ಲೋಂಡಾಗಳ ಮಾರ್ಗವಾಗಿ ಗೋವೆಯತ್ತ ಹೊರಟುಹೋದರು. ಯಾರ ಮನೆಯಲ್ಲಿ ಉಳಿದರೆ ಆ ಮನೆಯ ರೀತಿಗೆ ಒಗ್ಗಿಕೊಂಡು, ತಾವು ಮಾತ್ರ ತಾವಾಗಿಯೇ ಇರುವ ಈ ಗುಣವು ಪ್ಯಾರಿಸಿನಲ್ಲಿ ಹೊಸದಾಗಿ ಹುಟ್ಟಿದ್ದಲ್ಲವೆಂದು ತೋರಿಸಲು ಇಷ್ಟನ್ನು ಹೇಳಬೇಕಾಯಿತು.

ಫ್ರೆಂಚ ಭಾಷೆಯ ಬೀಜವು ಸಹ ಈ ದೇಶದಲ್ಲಿಯೇ ಬಿದ್ದಿತು. ಬೆಳಗಾವಿಗೆ ಬರುವ ಮೊದಲು ಕಾಠೇವಾಡದ ಪೋರಬಂದರದಲ್ಲಿ ಶಂಕರ ಪಾಂಡುರಂಗ ಪಂಡಿತರ ಬಳಿ ಅವರು ಕೆಲಕಾಲ ಇದ್ದರು. ಪಂಡಿತರು ಅಥರ್ವವೇದದ ಪರಿಷ್ಕರಣದಲ್ಲಿ ತೊಡಗಿದ್ದ ವಿದ್ವಾಂಸರು; ಯುರೋಪಿನ ಭಾಷೆಗಳನ್ನೂ ಬಲ್ಲವರು. ಪಶ್ಚಿಮಕ್ಕೆ ಹೋಗುವುದಾದರೆ ಫ್ರೆಂಚವನ್ನು ಕಲಿಯಬೇಕೆಂದು ಸ್ವಾಮಿಗಳನ್ನು ಪ್ರೇರಿಸಿದವರು ಇವರೇ. ವೇದವೂ ಫ್ರೆಂಚವೂ ಒಂದೇ ಚಾವಣಿಯ ಕೆಳಗೆ ಅಭ್ಯಾಸವಾದುದನ್ನು ನೆನೆದರೆ, ಪರಭಾಷೆಯನ್ನು ಮುಟ್ಟಿದರೆ ಸ್ವಧರ್ಮ ಕೆಡುವುದೆಂಬ ಭೀತಿ ಆ ಹಿರಿಯರಿಗೆ ಇರಲಿಲ್ಲವೆಂಬುದು ಸ್ಪಷ್ಟ.

೧೮೯೫ ರಲ್ಲಿ ಸ್ನೇಹಿತ ಲೆಗೆಟ್ಟರ ವಿವಾಹಕ್ಕಾಗಿ ಅವರು ಪ್ಯಾರಿಸನ್ನು ಒಮ್ಮೆ ಕಂಡಿದ್ದರು. ೧೯೦೦ ನೆಯ ಆಗಸ್ಟದಲ್ಲಿ ಅಮೇರಿಕೆಯಿಂದ ಎರಡನೆಯ ಸಲ ಬಂದಾಗ ಆ ನಗರವು ಜಾಗತಿಕ ಪ್ರದರ್ಶನದ ಸಂಭ್ರಮದಲ್ಲಿದ್ದಿತು. ಲೆಗೆಟ್ಟರ ಭವ್ಯ ಮಂದಿರದಲ್ಲಿ ವಸತಿ. ದಿನವೂ ಶಾಸ್ತ್ರಜ್ಞರು, ಗಾಯಕಿಯರು, ಶಿಲ್ಪಿಗಳು ಅಲ್ಲಿಗೆ ಬರುತ್ತಿದ್ದರು. ಇಂಗ್ಲೀಷು ಬಲ್ಲವನಿಗೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದೇ ಅಡ್ಡಿಯಾಯಿತೆಂದು ನಾವು ಭಾವಿಸುತ್ತೇವೆ. ಸುಖವಾದ ಆ ಮನೆಯನ್ನು ಬಿಟ್ಟು ಸ್ವಾಮಿಗಳು ಜ್ಯೂಲ್ ಬ್ವಾ ಎಂಬ ಲೇಖಕನ ಅತಿಥಿಯಾಗಿ ಹೋಗಿ ನೆಲಸಿದರು. ಬ್ವಾ ಶ್ರೀಮಂತನಲ್ಲ, ಲೇಖನಿಯಿಂದ ಹೊಟ್ಟೆ ಹೊರೆಯುವವನು. ಮುಖ್ಯವಾಗಿ, ಆತನಿಗೆ ಇಂಗ್ಲೀಷು ಬಾರದು. ಹಸಿವೆಯಾದರೂ ನೀರಡಿಕೆಯಾದರೂ ಫ್ರೆಂಚದಲ್ಲಿಯೇ ಹೇಳತಕ್ಕದ್ದು! ಮೂವತ್ತೇಳು ವಯಸ್ಸಿನ, ಪ್ರಕೃತಿ ಕ್ಷೀಣಿಸಿದ, ಎರಡು ಖಂಡಗಳಲ್ಲಿ ಕೀರ್ತಿವಂತನಾದ ಪುರುಷನು ಶಾಲೆಯ ಬಾಲಕನಂತೆ ತೊದಲು ಮಾತಿಗೆ ಇಳಿದನೆಂಬುದನ್ನು ನಮ್ಮ ಪದವೀಧರರು ಗಮನಿಸಲಿ. ಆ ಅಕ್ಟೋಬರದಲ್ಲಿ ತಮ್ಮ ಶಿಷ್ಯೆ ಕ್ರಿಸ್ಟೀನರಿಗೆ ಅವರು ಫ್ರೆಂಚದಲ್ಲಿಯೇ ಪತ್ರ ಬರೆಯಬಲ್ಲವರಾದರು.

ಭಾಷೆಯೊಡನೆ ನಿತ್ಯಜೀವನವೂ ಅವರ ಕಣ್ಣಿಗೆ ಬಿದ್ದಿತು. ಪ್ರಾಚ್ಯ ಮತ್ತು ಪಾಶ್ಚಾತ್ಯವೆಂಬ ಬಂಗಾಲಿ ಪ್ರಬಂಧದಲ್ಲಿ ಅವರು ಫ್ರೆಂಚರ ಊಟದ ಕ್ರಮವನ್ನು, ಮುಂಜಾನೆ ಕಾಫಿಯೂ ತುಸು ರೊಟ್ಟಿಯೂ, ಮಧ್ಯಾಹ್ನ ಮಿತವಾದ ಭೋಜನ, ರಾತ್ರಿ ದೊಡ್ಡ ಊಟ ಎಂದು ಮನೆಯೊಳಗಿನವರಂತೆ ವರ್ಣಿಸಿದ್ದಾರೆ. ಯುರೋಪಿನ ಸಂಸ್ಕೃತಿಗೂ ಸ್ವಾತಂತ್ರ್ಯದ ಹಂಬಲಕ್ಕೂ ಪ್ಯಾರಿಸವೇ ಮೂಲವೆಂದು ಮನಸಾರೆ ಕೊಂಡಾಡಿದ್ದಾರೆ. ಹಾಗೆಂದು ಕಣ್ಣು ಮುಚ್ಚಿ ಹೊಗಳಲಿಲ್ಲ. ಸ್ನಾನದ ಮನೆಯುಳ್ಳ ಹೋಟೆಲಿಗಾಗಿ ಒಬ್ಬ ಧನಿಕ ಮಿತ್ರನೊಡನೆ ಹತ್ತಾರು ಬಾಗಿಲು ಅಲೆದರೂ ಸಿಗಲಿಲ್ಲವೆಂಬ ಕಥೆಯನ್ನು ನಗುತ್ತಲೇ ಹೇಳಿದ್ದಾರೆ. ಅರಮನೆಯಂಥ ಕಟ್ಟಡ, ಮೀಯಲು ಮಾತ್ರ ತಾವಿಲ್ಲ! ಅದೇ ಪ್ರಬಂಧದಲ್ಲಿ ನಮ್ಮವರ ಕೊಳೆಯನ್ನೂ ಅವರು ಬಿಟ್ಟಿಲ್ಲ. ಗುಣದೋಷಗಳೆರಡನ್ನೂ ಒಂದೇ ಧ್ವನಿಯಲ್ಲಿ ಹೇಳುವ ಅಧಿಕಾರವು ಆ ಜನರ ಪಂಕ್ತಿಯಲ್ಲಿ ಕುಳಿತು ಉಂಡವನಿಗೆ ಮಾತ್ರ ಬರುತ್ತದೆ. ಕನ್ನಡ, ಮರಾಠಿ, ಕೊಂಕಣಿಗಳ ನಡುವೆ ಬಾಳುವ ನಮ್ಮ ಗಡಿಯ ತಾಲೂಕುಗಳಲ್ಲಿ ಈ ಮಾತು ದೂರದ ಫ್ರಾನ್ಸಿಗೆ ಮಾತ್ರ ಅನ್ವಯಿಸುವುದಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಪ್ಟೆಂಬರದಲ್ಲಿ ಅಲ್ಲಿ ನೆರೆದ ಧರ್ಮೇತಿಹಾಸ ಪರಿಷತ್ತಿನಲ್ಲಿ, ಶಿವಲಿಂಗ ಶಾಲಗ್ರಾಮಗಳ ಮೂಲವನ್ನು ಕುರಿತು ಜರ್ಮನ ಪಂಡಿತ ಓಪರ್ಟನು ಮಂಡಿಸಿದ ವಾದವನ್ನು ಸ್ವಾಮಿಗಳು ಖಂಡಿಸಿ, ಅಥರ್ವವೇದದ ಯೂಪಸ್ತಂಭದ ಸೂಕ್ತವನ್ನು ಆಧಾರವಾಗಿ ಒಡ್ಡಿದರು. ಅದೇ ಋತುವಿನಲ್ಲಿ ಪ್ಯಾರಿಸಿಗೆ ಬಂದಿದ್ದ ಜಗದೀಶಚಂದ್ರ ಬಸು ಅವರು ಪದಾರ್ಥವಿಜ್ಞಾನಿಗಳ ಪರಿಷತ್ತಿನಲ್ಲಿ ಗಳಿಸಿದ ಯಶಸ್ಸಿಗೆ ಅವರು ಪಟ್ಟ ಹಿಗ್ಗು ಅಷ್ಟಿಷ್ಟಲ್ಲ. ಫ್ರೆಂಚರ ಮನೆಯಲ್ಲಿದ್ದು ಫ್ರೆಂಚದಲ್ಲಿ ಮಾತಾಡುತ್ತಿದ್ದವರು ಪರಾಧೀನ ದೇಶದ ಮಗನೊಬ್ಬನ ಗೆಲುವಿಗೆ ಹೀಗೆ ಕರಗಿದರು. ಬಳಿಕ ಬ್ರಿಟನಿ ಪ್ರಾಂತದಲ್ಲಿ ಕೆಲದಿನ ಉಳಿದು, ಸಮುದ್ರದ ನಡುವಣ ಸಂತ ಮಿಶೆಲ್ಲನ ಗುಡ್ಡದ ಮಠವನ್ನು ಸಂದರ್ಶಿಸಿದರು. ಅಕ್ಟೋಬರ ೨೪ ರಂದು ಬ್ವಾ ಮೊದಲಾದವರೊಡನೆ ಪ್ಯಾರಿಸನ್ನು ಬಿಟ್ಟು ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಅಥೆನ್ಸ್‌ಗಳ ಮೇಲಿಂದ ಈಜಿಪ್ತವನ್ನು ಮುಟ್ಟಿ, ಅಲ್ಲಿಂದ ಒಬ್ಬರೇ ಸ್ವದೇಶಕ್ಕೆ ತಿರುಗಿದರು.

ಬೇಲೂರು ಮಠಕ್ಕೆ ಅವರು ಬಂದದ್ದು ಡಿಸೆಂಬರ ೯ ರ ರಾತ್ರಿ, ಯಾರಿಗೂ ಸುಳಿವು ಕೊಡದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಯಾರೋ ಸಾಹೇಬ ಬಂದಿದ್ದಾನೆಂದು ತೋಟದ ಮಾಲಿಯು ಒಳಗೆ ಓಡಿದನು. ಊಟದ ಗಂಟೆ ಬಾರಿಸಿದ್ದನ್ನು ಕೇಳಿದ ಸಾಹೇಬನು ತಡೆಯಲಾರದೆ ಗೇಟನ್ನು ಹತ್ತಿ ಒಳಗೆ ಹಾರಿ, ಗುರುಬಂಧುಗಳ ಪಂಕ್ತಿಯಲ್ಲಿ ನೆಲಕ್ಕೆ ಕುಳಿತು ಹೊಟ್ಟೆ ತುಂಬ ಖಿಚಡಿ ಉಂಡನು.