ಸರ್ ಕೆ. ಶೇಷಾದ್ರಿ ಅಯ್ಯರ್ (1845–1901)
ಶಿವನಸಮುದ್ರ ಜಲವಿದ್ಯುತ್ ಯೋಜನೆಯ ರೂವಾರಿ

ಯಾದಗಿರಿ ಜಿಲ್ಲೆಯ ಶಹಾಪುರ ಮತ್ತು ಸುರಪುರ ಭಾಗದಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ಜಾಲದ ನೀರಿನಿಂದ ಕಿರು ಜಲವಿದ್ಯುತ್ ಉತ್ಪಾದಿಸಲಾಗುತ್ತಿದೆ. ಇಂತಹ ಘಟಕ ಸ್ಥಾಪಿಸಲು ಅರ್ಜಿ ಸಲ್ಲಿಸುವವರು ಆರಂಭದಲ್ಲೇ ತೀರ್ಮಾನಿಸಬೇಕಾದ ಅಂಶಗಳಲ್ಲಿ ವೋಲ್ಟೇಜ್ ಏರಿಸುವ ಪರಿವರ್ತಕದ ಆಯ್ಕೆಯೂ ಒಂದು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಬೃಹತ್ ಪ್ರಮಾಣದಲ್ಲಿ ಎದುರಿಸಿದ ಆಡಳಿತಗಾರರ ಜೀವನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಸೇವೆ

ಶ್ರೀಯುತ ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಪಾಲಕ್ಕಾಡ್ ಪ್ರದೇಶದಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1868ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಕಂದಾಯ ಹಾಗೂ ನ್ಯಾಯಾಂಗ ಶಾಖೆಗಳಲ್ಲಿ ವಿವಿಧ ಹುದ್ದೆಗಳನ್ನು ನಿರ್ವಹಿಸಿದರು. ದಿವಾನ್ ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನರಾಗಿ ನೇಮಕಗೊಂಡು, 1901ರವರೆಗೆ ಸುಮಾರು 18 ವರ್ಷಗಳ ಕಾಲ ಆ ಹುದ್ದೆಯಲ್ಲಿದ್ದರು. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ಸರಬರಾಜು ಮತ್ತು ಮಾರಿಕಣಿವೆ ಅಣೆಕಟ್ಟೆಯ ಆರಂಭ ಅವರ ಆಡಳಿತಾವಧಿಯ ಮುಖ್ಯ ಕಾರ್ಯಗಳಾಗಿವೆ.

ಶಿವನಸಮುದ್ರ ಯೋಜನೆ

ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಆಗ ಉಗಿಶಕ್ತಿಯನ್ನು ಅವಲಂಬಿಸಿದ್ದು, ಇಂಧನದ ವೆಚ್ಚ ಹೆಚ್ಚಾಗಿತ್ತು. ಕಾವೇರಿ ಜಲಪಾತದಲ್ಲಿ ವಿದ್ಯುತ್ ಉತ್ಪಾದಿಸಿ ಗಣಿಗಳಿಗೆ ಪೂರೈಸುವ ಪ್ರಸ್ತಾವವನ್ನು ಸಂಸ್ಥಾನದ ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರು ಮುಂದಿಟ್ಟರು. ಜಲಪಾತಕ್ಕೂ ಗಣಿಗಳಿಗೂ ನಡುವಿನ ತಂತಿಮಾರ್ಗದ ಉದ್ದ ಸುಮಾರು 147 ಕಿ.ಮೀ. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ ಉದಾಹರಣೆಗಳು ಆಗ ಪ್ರಪಂಚದಲ್ಲೇ ವಿರಳವಾಗಿದ್ದವು. ಯೋಜನೆ ವಿಫಲವಾದಲ್ಲಿ ನಷ್ಟ ಸಂಸ್ಥಾನದ ಬೊಕ್ಕಸದ್ದಾಗುತ್ತಿತ್ತು. ಆದಾಗ್ಯೂ ದಿವಾನರು ಯೋಜನೆಗೆ ಸಂಪೂರ್ಣ ಬೆಂಬಲ ನೀಡಿದರು.

ಯೋಜನೆಯ ಯಶಸ್ಸು ಪರಿವರ್ತಕಗಳನ್ನೇ ಅವಲಂಬಿಸಿತ್ತು. ಒಂದೇ ಪ್ರಮಾಣದ ಶಕ್ತಿಯನ್ನು ಸಾಗಿಸುವಾಗ ವೋಲ್ಟೇಜನ್ನು 10 ಪಟ್ಟು ಏರಿಸಿದರೆ ವಿದ್ಯುತ್ ಪ್ರವಾಹವು 10ರಲ್ಲಿ 1 ಭಾಗಕ್ಕೆ ಇಳಿಯುತ್ತದೆ. ಅದೇ ತಂತಿಯಲ್ಲಿ ಶಾಖರೂಪದಲ್ಲಿ ಆಗುವ ನಷ್ಟವು 100ರಲ್ಲಿ 1 ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಉತ್ಪಾದಕ ಯಂತ್ರಗಳ ಕಡಿಮೆ ವೋಲ್ಟೇಜನ್ನು ಪರಿವರ್ತಕಗಳ ಮೂಲಕ ಸುಮಾರು 35,000 ವೋಲ್ಟ್‌ಗಳಿಗೆ ಏರಿಸಿ, ಗಣಿಗಳ ಬಳಿ ಪುನಃ ಇಳಿಸುವ ವ್ಯವಸ್ಥೆ ಮಾಡಲಾಯಿತು. ವಿದ್ಯುತ್ ಉಪಕರಣಗಳನ್ನು ಅಮೆರಿಕದಿಂದಲೂ, ನೀರಿನ ಟರ್ಬೈನ್‌ಗಳನ್ನು ಸ್ವಿಟ್ಜರ್ಲೆಂಡಿನಿಂದಲೂ ತರಿಸಲಾಯಿತು.

ಅಂತ್ಯ ಮತ್ತು ಫಲ

ಅನಾರೋಗ್ಯದ ನಿಮಿತ್ತ 1901ರಲ್ಲಿ ನಿವೃತ್ತರಾದ ಶ್ರೀಯುತರು ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನರಾದರು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗಳನ್ನು ತಲುಪಿತು. ತಮ್ಮ ನಿರ್ಧಾರದ ಫಲವನ್ನು ಕಾಣುವ ಅವಕಾಶ ಅವರಿಗೆ ದೊರೆಯಲಿಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರು ನಗರದಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಬೆಂಗಳೂರಿನ ಶೇಷಾದ್ರಿಪುರ ಬಡಾವಣೆಯೂ, ಕಬ್ಬನ್ ಉದ್ಯಾನದಲ್ಲಿರುವ ಪ್ರತಿಮೆಯೂ ಅವರ ಸ್ಮಾರಕಗಳಾಗಿವೆ.

ಅರ್ಜಿದಾರರ ಗಮನಕ್ಕೆ

ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯಾದಗಿರಿ, ಶಹಾಪುರ ಮತ್ತು ಸುರಪುರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಸಂಸ್ಥಾನ ಬೇರೆಯಾದರೂ, ಘಟಕ ಚಿಕ್ಕದಾದರೂ ಅನ್ವಯವಾಗುವ ನಿಯಮ ಒಂದೇ. ಪರಿವರ್ತಕವನ್ನು ಆಯ್ಕೆ ಮಾಡುವಾಗ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು:

1. ಪರಿವರ್ತಕದ ಕೆವಿಎ ಸಾಮರ್ಥ್ಯವು ಅದಕ್ಕೆ ಜೋಡಿಸುವ ಜನರೇಟರ್‌ನ ಕೆವಿಎ ಸಾಮರ್ಥ್ಯಕ್ಕಿಂತ ಕಡಿಮೆ ಇರಬಾರದು.
2. ಕಡಿಮೆ ವೋಲ್ಟೇಜ್ ಬದಿಯು ಜನರೇಟರ್‌ನ ವೋಲ್ಟೇಜಿಗೂ, ಹೆಚ್ಚಿನ ವೋಲ್ಟೇಜ್ ಬದಿಯು ಸಂಪರ್ಕ ಪಡೆಯುವ ಮಾರ್ಗದ ವೋಲ್ಟೇಜಿಗೂ ಹೊಂದಿಕೆಯಾಗಬೇಕು.
3. ಉಪಕೇಂದ್ರದ ದೂರ ಮತ್ತು ಸಾಗಿಸಬೇಕಾದ ಶಕ್ತಿಯನ್ನು ಲೆಕ್ಕ ಹಾಕಿದ ನಂತರವೇ ಮಾರ್ಗದ ವೋಲ್ಟೇಜನ್ನು ನಿರ್ಧರಿಸಬೇಕು.