ಲೆಕ್ಕ ಕೇಳುವವನೂ ಲೆಕ್ಕ ಕೊಡಬೇಕು: ಪ್ಲೇಗಿನ ದಿನಗಳ ಗೋಖಲೆ

1897ರ ಜುಲೈ ತಿಂಗಳ ಕೊನೆಯ ಭಾಗ. ಇಂಗ್ಲೆಂಡಿನಿಂದ ಹೊರಟ ಹಡಗೊಂದು ಮುಂಬಯಿ ಬಂದರನ್ನು ಸೇರಿತು. ಅದರಲ್ಲಿದ್ದ 31 ವರ್ಷದ ಕಾಲೇಜು ಅಧ್ಯಾಪಕರೊಬ್ಬರನ್ನು ಎದುರುಗೊಳ್ಳಲು ಅಲ್ಲಿ ಹೂಮಾಲೆಗಳೇನೂ ಕಾದಿರಲಿಲ್ಲ. ಕಾದಿದ್ದದ್ದು ಪೊಲೀಸ್ ಅಧಿಕಾರಿಗಳ ಪ್ರಶ್ನೆ ಮತ್ತು ಆತಂಕಗೊಂಡ ಗೆಳೆಯರ ಮುಖ. ಕೇವಲ ಮೂರು ತಿಂಗಳ ಹಿಂದೆ ಲಂಡನ್ನಿನಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಹಣಕಾಸು ತಜ್ಞರ ಎದುರು ಕುಳಿತು ಭಾರತ ಸರ್ಕಾರದ ವೆಚ್ಚಗಳ ಲೆಕ್ಕವನ್ನು ನಿರ್ಭಯವಾಗಿ ಪ್ರಶ್ನಿಸಿದ್ದ ಅದೇ ವ್ಯಕ್ತಿ, ಈಗ ತಾನೇ ಆಡಿದ ಮಾತಿಗೆ ಲೆಕ್ಕ ಕೊಡಬೇಕಾಗಿ ಬಂದಿತ್ತು. ಅವರೇ ಗೋಪಾಲ ಕೃಷ್ಣ ಗೋಖಲೆ.

ಗೋಖಲೆಯವರನ್ನು ನಮ್ಮ ಪಠ್ಯಪುಸ್ತಕಗಳು ಮಂದಗಾಮಿ ನಾಯಕರೆಂದೂ, ಗಾಂಧೀಜಿಯವರ ರಾಜಕೀಯ ಗುರುವೆಂದೂ ಎರಡು ಸಾಲಿನಲ್ಲಿ ಪರಿಚಯಿಸಿ ಮುಂದೆ ಸಾಗುತ್ತವೆ. ಆದರೆ ಮಹಾಮಾರಿಯೊಂದು ನಾಡನ್ನು ಕವಿದಾಗ ಸರ್ಕಾರದ ಬೊಕ್ಕಸವನ್ನು ಪ್ರಶ್ನಿಸುವುದು ಹೇಗೆ, ಪ್ರಶ್ನಿಸುವಾಗ ತಪ್ಪಿದರೆ ಅದನ್ನು ತಿದ್ದಿಕೊಳ್ಳುವುದು ಹೇಗೆ ಎಂಬುದಕ್ಕೆ ಅವರ ಬದುಕು ಒಂದು ಅಪರೂಪದ ನಿದರ್ಶನ.

ಬಡತನದ ಬಾಲ್ಯ, ಅಂಕಿಗಳ ಒಲವು

ಗೋಖಲೆಯವರು ಜನಿಸಿದ್ದು 1866ರ ಮೇ 9ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಕೋಟ್ಲುಕ್ ಗ್ರಾಮದಲ್ಲಿ. ಅವರಿಗೆ 13 ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯರು ಓದನ್ನು ಬಿಟ್ಟು ತಿಂಗಳಿಗೆ 15 ರೂಪಾಯಿಯ ನೌಕರಿ ಹಿಡಿದರು. ಅದರಲ್ಲಿ 8 ರೂಪಾಯಿಯನ್ನು ತಮ್ಮನ ವಿದ್ಯಾಭ್ಯಾಸಕ್ಕೆ ಕಳುಹಿಸುತ್ತಿದ್ದರು. ಒಂದೊಂದು ಕಾಸಿಗೂ ಲೆಕ್ಕವಿಡಬೇಕಾದ ಸ್ಥಿತಿಯಲ್ಲಿ ಬೆಳೆದ ಬಾಲಕ ಮುಂದೆ ಸಾಮ್ರಾಜ್ಯವೊಂದರ ಕೋಟಿಗಳ ಲೆಕ್ಕವನ್ನು ಕೇಳುವವನಾದ.

1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವಿ ಪಡೆದ ಗೋಖಲೆ, ಐ.ಸಿ.ಎಸ್., ವಕೀಲಿಯಂಥ ಲಾಭದ ಹಾದಿಗಳನ್ನು ಬಿಟ್ಟು ಪುಣೆಯ ಡೆಕ್ಕನ್ ಎಜುಕೇಷನ್ ಸೊಸೈಟಿಯನ್ನು ಸೇರಿದರು. ಅಲ್ಪ ಸಂಬಳಕ್ಕೆ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅವರು ಬರೆದ ಅಂಕಗಣಿತದ ಪಠ್ಯಪುಸ್ತಕ ಜನಪ್ರಿಯವಾಯಿತು. ಅಲ್ಲಿಯೇ ಅವರಿಗೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಶಿಷ್ಯತ್ವ ದೊರೆಯಿತು. ಸರ್ಕಾರಿ ವರದಿಗಳನ್ನು ಓದುವುದು, ಸಾರವನ್ನು ಬರೆಯುವುದು, ಪ್ರತಿಯೊಂದು ಅಂಕಿಯನ್ನೂ ಮೂಲದೊಂದಿಗೆ ತಾಳೆ ನೋಡುವುದು ಇದು ರಾನಡೆಯವರು ವರ್ಷಗಳ ಕಾಲ ನೀಡಿದ ಕಠಿಣ ತರಬೇತಿ. ಈ ತರಬೇತಿಯನ್ನು ಶಿಷ್ಯ ಒಮ್ಮೆ ಮಾತ್ರ ಮರೆತರು. ಅದರ ಬೆಲೆಯನ್ನೂ ತೆತ್ತರು.

ಲಂಡನ್ನಿನಲ್ಲಿ ಸಾಕ್ಷಿ, ಪುಣೆಯಲ್ಲಿ ಪ್ಲೇಗು

ಭಾರತದ ಸರ್ಕಾರಿ ವೆಚ್ಚಗಳ ಪರಿಶೀಲನೆಗೆಂದು 1895ರಲ್ಲಿ ಲಾರ್ಡ್ ವೆಲ್ಬಿಯವರ ಅಧ್ಯಕ್ಷತೆಯಲ್ಲಿ ರಾಯಲ್ ಆಯೋಗವೊಂದು ನೇಮಕವಾಗಿತ್ತು. ದಾದಾಭಾಯಿ ನವರೋಜಿಯವರು ಅದರ ಸದಸ್ಯರು. 1897ರ ಏಪ್ರಿಲ್‌ನಲ್ಲಿ ಆಯೋಗದ ಎದುರು ಹಾಜರಾದ ಗೋಖಲೆ, ಸೈನ್ಯದ ಮಿತಿಮೀರಿದ ಖರ್ಚು, ಉನ್ನತ ಹುದ್ದೆಗಳೆಲ್ಲ ಯೂರೋಪಿಯನ್ನರ ಪಾಲಾಗಿರುವುದು, ತೆರಿಗೆ ಕೊಡುವ ಪ್ರಜೆಗೆ ಖರ್ಚಿನ ಮೇಲೆ ಯಾವ ಹಿಡಿತವೂ ಇಲ್ಲದಿರುವುದು ಇವನ್ನೆಲ್ಲ ಅಂಕಿಅಂಶಗಳೊಂದಿಗೆ ಮಂಡಿಸಿದರು. ಆಗಿನ ಶಾಸನಸಭೆಯಲ್ಲಿ ಸದಸ್ಯರು ಬಜೆಟ್ಟಿನ ಬಗ್ಗೆ ಮಾತನಾಡಬಹುದಿತ್ತೇ ಹೊರತು ಅದಕ್ಕೆ ತಿದ್ದುಪಡಿ ಸೂಚಿಸುವಂತಿರಲಿಲ್ಲ, ಮತ ಹಾಕುವಂತಿರಲಿಲ್ಲ. ಆ ಹಕ್ಕು ಬೇಕೆಂಬುದು ಗೋಖಲೆಯವರ ಒತ್ತಾಯವಾಗಿತ್ತು. ಆಯೋಗದ ಸದಸ್ಯರ ಪಾಟೀಸವಾಲನ್ನು ಅವರು ಎದುರಿಸಿದ ರೀತಿ ಎಲ್ಲರ ಮೆಚ್ಚುಗೆ ಗಳಿಸಿತು.

ಅದೇ ಹೊತ್ತಿಗೆ ಅವರ ಊರು ಪುಣೆ ನರಳುತ್ತಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ತಿಂಗಳಲ್ಲಿ ಪುಣೆಗೂ ಹಬ್ಬಿತ್ತು. 1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತರಾತುರಿಯಲ್ಲಿ ಜಾರಿಗೆ ತಂದಿತು. ಕೆಲವೇ ಕಲಮುಗಳ ಪುಟ್ಟ ಕಾಯಿದೆ. ಆದರೆ ಅದು ಸರ್ಕಾರಕ್ಕೆ ಕೊಟ್ಟ ಅಧಿಕಾರ ಅಪಾರ. ರೋಗ ನಿಯಂತ್ರಣದ ವೆಚ್ಚವನ್ನು ಯಾರು ಭರಿಸಬೇಕು, ನಷ್ಟಪರಿಹಾರವನ್ನು ಕೊಡಬೇಕಾದರೆ ಹೇಗೆ ಎಂಬುದನ್ನೂ ಸರ್ಕಾರವೇ ನಿರ್ಧರಿಸಬಹುದಿತ್ತು. ಸದುದ್ದೇಶದಿಂದ ಮಾಡಿದ ಕಾರ್ಯಕ್ಕಾಗಿ ಯಾವ ಅಧಿಕಾರಿಯ ಮೇಲೂ ಮೊಕದ್ದಮೆ ಹೂಡುವಂತಿರಲಿಲ್ಲ. ಅಂದರೆ ಹಣದ ಲೆಕ್ಕವೂ ಇಲ್ಲ, ನಡತೆಯ ಲೆಕ್ಕವೂ ಇಲ್ಲ!

ಪುಣೆಯ ಪ್ಲೇಗ್ ಸಮಿತಿಗೆ ಅಧ್ಯಕ್ಷರಾಗಿ ಬಂದವರು ವಾಲ್ಟರ್ ಚಾರ್ಲ್ಸ್ ರ್‍ಯಾಂಡ್ ಎಂಬ ಐ.ಸಿ.ಎಸ್. ಅಧಿಕಾರಿ. ರೋಗಿಗಳನ್ನು ಹುಡುಕಲು ಅವರು ಸೈನಿಕರನ್ನು ಬಳಸಿದರು. ಗೋರಾ ಸಿಪಾಯಿಗಳು ದೇವರ ಕೋಣೆ, ಅಡಿಗೆಮನೆಯೆನ್ನದೆ ನುಗ್ಗಿದರು. ರೋಗದ ಶಂಕೆಯುಳ್ಳವರನ್ನು ಆಸ್ಪತ್ರೆಗೂ, ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೂ ಸಾಗಿಸಲಾಯಿತು. ಮನೆಯ ಸಾಮಾನುಗಳು ಬೆಂಕಿಗೆ ಆಹುತಿಯಾದವು. ದೂರುಗಳು ಬಂದರೂ ಕೇಳುವವರಿರಲಿಲ್ಲ. ರೋಗಕ್ಕಿಂತ ಚಿಕಿತ್ಸೆಯೇ ಭೀಕರವೆಂದು ಜನ ತತ್ತರಿಸಿದರು.

ಆಡಿದ ಮಾತು, ಕೇಳಿದ ಕ್ಷಮೆ

ಈ ಸಂಕಟದ ಸುದ್ದಿ ಪತ್ರಗಳ ಮೂಲಕ ಲಂಡನ್ನಿನಲ್ಲಿದ್ದ ಗೋಖಲೆಯವರನ್ನು ತಲುಪಿತು. ಪತ್ರ ಬರೆದವರು ಅವರು ನಂಬಿದ್ದ ಗೆಳೆಯರು. ಇಬ್ಬರು ಮಹಿಳೆಯರ ಮೇಲೆ ಸೈನಿಕರು ಅತ್ಯಾಚಾರವೆಸಗಿದರೆಂದೂ, ಅವರಲ್ಲಿ ಒಬ್ಬಾಕೆ ಆತ್ಮಹತ್ಯೆ ಮಾಡಿಕೊಂಡಳೆಂದೂ ಪತ್ರಗಳಲ್ಲಿತ್ತು. ಕುದಿದುಹೋದ ಗೋಖಲೆ ಅದನ್ನು ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ತಿಳಿಸಿದರು. ಬ್ರಿಟನ್ನಿನಲ್ಲಿ ಕೋಲಾಹಲವೆದ್ದಿತು. ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳು ಬಂದವು. ಮುಂಬಯಿ ಸರ್ಕಾರ ಆರೋಪವನ್ನು ಸಂಪೂರ್ಣವಾಗಿ ಅಲ್ಲಗಳೆದು ಪುರಾವೆ ಕೇಳಿತು.

ಪರಿಸ್ಥಿತಿಯೂ ಸೂಕ್ಷ್ಮವಾಗಿತ್ತು. ಜೂನ್ 22ರಂದು, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ರಾತ್ರಿ, ಚಾಪೇಕರ್ ಸೋದರರ ಗುಂಡು ರ್‍ಯಾಂಡ್ ಮತ್ತು ಲೆಫ್ಟಿನೆಂಟ್ ಅಯರ್ಸ್ಟ್ ಅವರನ್ನು ಬಲಿ ತೆಗೆದುಕೊಂಡಿತ್ತು. ಅಯರ್ಸ್ಟ್ ಸ್ಥಳದಲ್ಲೇ ಅಸುನೀಗಿದರೆ, ರ್‍ಯಾಂಡ್ ಕೆಲವು ದಿನಗಳ ಬಳಿಕ ಮೃತಪಟ್ಟರು. ಸರ್ಕಾರ ಕೆರಳಿ ಕೂತಿತ್ತು. ಜುಲೈ ಕೊನೆಯಲ್ಲಿ ಬಾಲ ಗಂಗಾಧರ ತಿಲಕರ ಬಂಧನವಾಯಿತು; ಮುಂದೆ ರಾಜದ್ರೋಹದ ಆಪಾದನೆಯ ಮೇಲೆ 18 ತಿಂಗಳ ಶಿಕ್ಷೆಯೂ ಆಯಿತು.

ಸ್ವದೇಶಕ್ಕೆ ಮರಳಿದ ಗೋಖಲೆ ಪುರಾವೆಗಾಗಿ ಹುಡುಕಿದರು. ಪತ್ರ ಬರೆದವರು ಬಹಿರಂಗವಾಗಿ ಸಾಕ್ಷಿ ಹೇಳಲು ಮುಂದೆ ಬರಲಿಲ್ಲ. ಅವರ ಹೆಸರುಗಳನ್ನು ಹೇಳಿಬಿಟ್ಟಿದ್ದರೆ ಗೋಖಲೆ ಹೊರೆಯನ್ನು ಇಳಿಸಿಕೊಳ್ಳಬಹುದಿತ್ತು. ಅವರು ಹೇಳಲಿಲ್ಲ. ಎಲ್ಲವನ್ನೂ ತಮ್ಮ ಮೇಲೆಯೇ ಹೊತ್ತುಕೊಂಡು, ಆರೋಪವನ್ನು ರುಜುವಾತು ಮಾಡಲಾರೆನೆಂದು ಒಪ್ಪಿ, ಗವರ್ನರ್, ಪ್ಲೇಗ್ ಸಮಿತಿ ಹಾಗೂ ಸೈನಿಕರ ಕ್ಷಮೆಯನ್ನು ಪತ್ರಿಕೆಗಳ ಮೂಲಕ ಬೇಷರತ್ತಾಗಿ ಕೋರಿದರು.

ಆ ಕ್ಷಮಾಪಣೆ ಅವರನ್ನು ಎರಡೂ ಕಡೆಯಿಂದ ಸುಟ್ಟಿತು. ಆಂಗ್ಲ ಪತ್ರಿಕೆಗಳು ಸುಳ್ಳುಗಾರನೆಂದು ಹಂಗಿಸಿದರೆ, ಸ್ವದೇಶೀಯರು ಹೇಡಿಯೆಂದು ಜರೆದರು. ಅದೇ ಡಿಸೆಂಬರಿನಲ್ಲಿ ಅಮರಾವತಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಅವರು ವೇದಿಕೆಯಲ್ಲಿ ಮಾತನಾಡುವುದೇ ಅಸಾಧ್ಯವಾಯಿತು. ಜನ ಅನುಭವಿಸಿದ ಹಿಂಸೆ ಸುಳ್ಳಾಗಿರಲಿಲ್ಲ. ಮನೆಗಳಿಗೆ ಸೈನಿಕರು ನುಗ್ಗಿದ್ದು, ಸಾಮಾನು ಸುಟ್ಟದ್ದು, ಮಹಿಳೆಯರನ್ನು ಅವಮಾನಕರವಾಗಿ ತಪಾಸಣೆ ಮಾಡಿದ್ದು ಅಂದಿನ ದೂರುಗಳಲ್ಲಿ ದಾಖಲಾಗಿದೆ. ಆದರೆ ಸಾಬೀತುಪಡಿಸಲಾಗದ ಒಂದು ಆರೋಪ, ಸಾಬೀತಾಗಬಹುದಾಗಿದ್ದ ಹತ್ತು ದೂರುಗಳನ್ನು ಮುಳುಗಿಸಿಬಿಟ್ಟಿತು. ಸರ್ಕಾರ ತನ್ನ ತಪ್ಪಿಗೆ ಉತ್ತರ ಕೊಡದೆಯೇ ಪಾರಾಯಿತು. ಗೋಖಲೆಯವರಿಗೆ ತಟ್ಟಿದ ನಿಜವಾದ ನೋವು ಇದೇ ಇರಬೇಕು.

ಅವರು ಸಾರ್ವಜನಿಕ ಜೀವನದಿಂದ ಓಡಿಹೋಗಲಿಲ್ಲ. ಪುಣೆಯಲ್ಲಿ ಪ್ಲೇಗು ಮತ್ತೆ ಮರುಕಳಿಸಿದಾಗ ಸ್ವಯಂಸೇವಕರಾಗಿ ಬೀದಿಗಿಳಿದು ರೋಗಿಗಳ ಮನೆಗಳಿಗೂ ಶಿಬಿರಗಳಿಗೂ ಎಡತಾಕಿದರು. ಕ್ಷಮೆ ಕೇಳಿದ ನಾಲಿಗೆಗಿಂತ ಕೆಲಸ ಮಾಡುವ ಕೈ ಹೆಚ್ಚು ಮಾತನಾಡಿತು.

ಉಳಿಕೆ ಹಣದ ಗುಟ್ಟು

1899ರಲ್ಲಿ ಮುಂಬಯಿ ಶಾಸನಸಭೆಗೆ ಆಯ್ಕೆಯಾದ ಗೋಖಲೆ, 1901ರ ಕೊನೆಯಲ್ಲಿ ಫಿರೋಜ್‌ಷಾ ಮೆಹ್ತಾ ಅವರಿಂದ ತೆರವಾದ ಕೇಂದ್ರ ಶಾಸನಸಭೆಯ ಸ್ಥಾನಕ್ಕೆ ಬಂದರು. 1902ರ ಮಾರ್ಚ್ 26ರಂದು ಕಲ್ಕತ್ತೆಯಲ್ಲಿ, ವೈಸರಾಯ್ ಲಾರ್ಡ್ ಕರ್ಜನ್ ಅವರ ಸಮ್ಮುಖದಲ್ಲಿ, ಅವರು ಮಾಡಿದ ಮೊದಲ ಬಜೆಟ್ ಭಾಷಣ ಭಾರತದ ಸಂಸದೀಯ ಇತಿಹಾಸದಲ್ಲಿ ಮೈಲಿಗಲ್ಲಾಯಿತು.

ಆ ವರ್ಷ ಸರ್ಕಾರ ಕೋಟ್ಯಂತರ ರೂಪಾಯಿಗಳ ಉಳಿಕೆ ತೋರಿಸಿ ಬೀಗುತ್ತಿತ್ತು. 1899-1900ರ ಕ್ಷಾಮದ ಗಾಯ ಇನ್ನೂ ಹಸಿಯಾಗಿತ್ತು, ಪ್ಲೇಗು ಊರಿಂದೂರಿಗೆ ಹಬ್ಬುತ್ತಲೇ ಇತ್ತು. ಹಾಗಿರುವಾಗ ಬೊಕ್ಕಸ ತುಂಬಿದ್ದು ಹೇಗೆ? ಗೋಖಲೆ ಅದರ ಗುಟ್ಟನ್ನು ಬಿಡಿಸಿಟ್ಟರು. ಬೆಳ್ಳಿಯ ಬೆಲೆ ಕುಸಿದು ರೂಪಾಯಿ ದುರ್ಬಲವಾಗಿದ್ದ ಕಾಲದಲ್ಲಿ ಲಂಡನ್ನಿಗೆ ಪ್ರತಿವರ್ಷ ಕಳುಹಿಸುವ ಹಣಕ್ಕೆ ಹೆಚ್ಚು ರೂಪಾಯಿಗಳು ಬೇಕಾಗುತ್ತಿದ್ದವು. ಆ ಕೊರತೆ ತುಂಬಲು ತೆರಿಗೆಗಳನ್ನು ಏರಿಸಲಾಗಿತ್ತು. 1888ರಲ್ಲಿ ಉಪ್ಪಿನ ತೆರಿಗೆ ಮಣಕ್ಕೆ 2 ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿತ್ತು. 1893ರಲ್ಲಿ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿದ ಬಳಿಕ ರೂಪಾಯಿಯ ಬೆಲೆ ಚೇತರಿಸಿ 1 ಶಿಲ್ಲಿಂಗ್ 4 ಪೆನ್ಸ್‌ಗೆ ನಿಂತಿತು. ಲಂಡನ್ನಿನ ಹೊರೆ ಹಗುರವಾಯಿತು, ತೆರಿಗೆ ಮಾತ್ರ ಇಳಿಯಲಿಲ್ಲ. ಹಾಗಾಗಿ ಉಳಿಕೆಯೆಂಬುದು ಸಮೃದ್ಧಿಯ ಕುರುಹಲ್ಲ, ಬಡವರಿಂದ ಅಗತ್ಯಕ್ಕಿಂತ ಹೆಚ್ಚು ವಸೂಲು ಮಾಡಿದ ಹಣ ಎಂಬುದು ಅವರ ವಾದದ ತಿರುಳು.

ಈ ಬಾರಿ ಅವರ ಕೈಯಲ್ಲಿದ್ದದ್ದು ಗೆಳೆಯರ ಪತ್ರಗಳಲ್ಲ. ಸರ್ಕಾರವೇ ಅಚ್ಚು ಹಾಕಿಸಿದ ಅಂಕಿಅಂಶಗಳು. ಅಲ್ಲಗಳೆಯುವುದು ಸುಲಭವಿರಲಿಲ್ಲ. ಮತದ ಹಕ್ಕಿಲ್ಲದ ಸಭೆಯಲ್ಲಿ ಲೆಕ್ಕವೇ ಅವರ ಮತವಾಯಿತು. ಮುಂದಿನ ವರ್ಷಗಳಲ್ಲಿ ಉಪ್ಪಿನ ತೆರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು: 1903ರಲ್ಲಿ 2 ರೂಪಾಯಿ, 1905ರಲ್ಲಿ ಒಂದೂವರೆ, 1907ರಲ್ಲಿ 1 ರೂಪಾಯಿ. ಆದಾಯ ತೆರಿಗೆಯ ವಿನಾಯಿತಿ ಮಿತಿ 1903ರಲ್ಲಿ 500ರಿಂದ 1000 ರೂಪಾಯಿಗೆ ಏರಿತು. ಇದೆಲ್ಲ ಒಬ್ಬರಿಂದಲೇ ಆಯಿತೆನ್ನಲಾಗದು. ಆದರೆ ಅವರ ಒತ್ತಡದ ಪಾಲು ದೊಡ್ಡದು. ಉಳಿಕೆ ಹಣವನ್ನು ಸೈನ್ಯಕ್ಕೂ ರೈಲಿಗೂ ಸುರಿಯುವ ಬದಲು ಊರುಗಳ ನೀರು, ಚರಂಡಿ, ನೈರ್ಮಲ್ಯ ಮತ್ತು ಪ್ರಾಥಮಿಕ ಶಿಕ್ಷಣಕ್ಕೆ ಕೊಡಿ ಎಂಬುದು ಅವರ ಬಜೆಟ್ ಭಾಷಣಗಳ ನಿರಂತರ ಬೇಡಿಕೆಯಾಗಿತ್ತು. ಪುಣೆ ಪುರಸಭೆಯ ಅಧ್ಯಕ್ಷರಾಗಿಯೂ ದುಡಿದಿದ್ದ ಅವರಿಗೆ ಊರಿನ ಚರಂಡಿಯ ಖರ್ಚು ಎಷ್ಟೆಂಬುದು ತಿಳಿದಿತ್ತು.

ಪ್ಲೇಗು ಇಲಿಯ ಚಿಗಟಗಳಿಂದ ಹರಡುತ್ತದೆಂಬ ಸುಳಿವನ್ನು ಪಾಲ್ ಲೂಯಿ ಸಿಮೊಂಡ್ 1898ರಲ್ಲೇ ನೀಡಿದ್ದರು. 1905ರ ಬಳಿಕದ ಪ್ಲೇಗ್ ಆಯೋಗದ ಸಂಶೋಧನೆಗಳು ಅದನ್ನು ದೃಢಪಡಿಸಿದವು. ಸುಣ್ಣ ಬಳಿಯಲು, ಸಾಮಾನು ಸುಡಲು, ಮನೆಗಳನ್ನು ಜಾಲಾಡಲು ವ್ಯಯಿಸಿದ ಹಣದಲ್ಲಿ ಬಹುಪಾಲು ಗುರಿ ತಪ್ಪಿದ ಖರ್ಚೆಂಬುದು ಇಂದು ಸ್ಪಷ್ಟ.

ಕನ್ನಡ ನಾಡಿನ ನಂಟು

ಈ ಕಥೆ ನಮಗೆ ದೂರದ್ದಲ್ಲ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಧಾರವಾಡಗಳನ್ನು 1898ರಲ್ಲಿ ಪ್ಲೇಗು ಅಪ್ಪಳಿಸಿತು. ಹಾಫ್‌ಕಿನ್ ಅವರ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಭಾರಿ ಪ್ರಮಾಣದಲ್ಲಿ ನೀಡಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರೂ ರೋಗಕ್ಕೆ ತುತ್ತಾಯಿತು. ಮುಂದೆ ಗೋಖಲೆಯವರ ಆದರ್ಶವನ್ನು ಕನ್ನಡಕ್ಕೆ ತಂದವರು ಡಿ.ವಿ. ಗುಂಡಪ್ಪನವರು. 1945ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಹೆಸರಿನಲ್ಲಿಯೇ ಆ ಗೌರವ ಅಡಗಿದೆ.

1905ರಲ್ಲಿ ಬನಾರಸ್ ಕಾಂಗ್ರೆಸ್ಸಿನ ಅಧ್ಯಕ್ಷರಾದ ಗೋಖಲೆ, ಅದೇ ವರ್ಷ ಭಾರತ ಸೇವಕ ಸಮಾಜವನ್ನು ಕಟ್ಟಿದರು. ಎಂಟು ವರ್ಷಗಳ ಹಿಂದೆ ಅಮರಾವತಿಯಲ್ಲಿ ಬಾಯಿ ತೆರೆಯಲು ಬಿಡದಿದ್ದ ಸಂಸ್ಥೆಯೇ ಅವರನ್ನು ಪೀಠದ ಮೇಲೆ ಕೂರಿಸಿತು. ಅವರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಮಸೂದೆ 1912ರಲ್ಲಿ 13ಕ್ಕೆ 38 ಮತಗಳಿಂದ ಸೋತಿತು. 1914ರಲ್ಲಿ ಬಂದ ಸರ್ ಪದವಿಯನ್ನು ನಿರಾಕರಿಸಿದರು. 1915ರ ಫೆಬ್ರವರಿ 19ರಂದು, ಕೇವಲ 48ನೇ ವಯಸ್ಸಿನಲ್ಲಿ, ಪುಣೆಯಲ್ಲಿ ಕೊನೆಯುಸಿರೆಳೆದರು. ಬದುಕಿನುದ್ದಕ್ಕೂ ಎದುರಾಳಿಯಾಗಿದ್ದ ತಿಲಕರೇ ಅಂತ್ಯಕ್ರಿಯೆಗೆ ಬಂದು ಗೌರವ ಸಲ್ಲಿಸಿದರು.

2020ರಲ್ಲಿ ಕೊರೊನಾ ಬಂದಾಗ ರಾಜ್ಯ ಸರ್ಕಾರಗಳು ಮೊದಲು ಕೈಗೆತ್ತಿಕೊಂಡದ್ದು ಪುಣೆಯನ್ನು ನಡುಗಿಸಿದ ಅದೇ 1897ರ ಕಾಯಿದೆಯನ್ನು. ಔಷಧ, ಹಾಸಿಗೆ, ಉಪಕರಣಗಳ ಖರೀದಿಯ ಲೆಕ್ಕ ಕೇಳುವ ದನಿಗಳೂ ಆಗ ಎದ್ದವು. ಮಹಾಮಾರಿಯ ನಡುವೆ ಲೆಕ್ಕ ಕೇಳುವುದು ಅಪರಾಧವಲ್ಲ, ಪ್ರಜೆಯ ಕರ್ತವ್ಯ. ಆದರೆ ಕೇಳುವವನ ಕೈಯಲ್ಲಿ ತಾಳೆ ನೋಡಿದ ಅಂಕಿಯಿರಬೇಕು; ತಪ್ಪಿದಾಗ ಒಪ್ಪಿಕೊಳ್ಳುವ ಎದೆಗಾರಿಕೆಯೂ ಇರಬೇಕು. 1897ರಲ್ಲಿ ಎಲ್ಲವನ್ನೂ ಕಳೆದುಕೊಂಡಂತೆ ಕಂಡ ಗೋಖಲೆ 1902ರಲ್ಲಿ ಗೆದ್ದದ್ದು ಈ ಎರಡರ ಬಲದಿಂದ. ತಪ್ಪೊಪ್ಪಿಕೊಂಡ ಗೋಖಲೆಯವರನ್ನು ಇತಿಹಾಸ ನೆನಪಿಟ್ಟುಕೊಂಡಿದೆ. ತಪ್ಪೊಪ್ಪಿಕೊಳ್ಳದ ಆ ಸಮಿತಿಯ ಲೆಕ್ಕ ಮಾತ್ರ ಇಂದಿಗೂ ಬಾಕಿ ಉಳಿದಿದೆ.